ಹಿಡಿದವನೇ ನ್ಯಾಯ ಹೇಳಬಾರದು

ಬಡಾವಣೆಯ ಒಳಗೆ ನಿಲ್ಲಿಸಿದ್ದ ಕಾರನ್ನು ನಿವಾಸಿಗಳ ಸಂಘದವರು ಟೋ ಮಾಡಿಸಿ ಬೇರೆಲ್ಲೋ ಇರಿಸುತ್ತಾರೆ, ಇಲ್ಲವೇ ಚಕ್ರಕ್ಕೆ ಬೀಗ ಜಡಿಯುತ್ತಾರೆ. ಕೇಳಲು ಬಂದವನಿಗೆ ದಂಡ ಕಟ್ಟಿ ಬಿಡಿಸಿಕೊಂಡು ಹೋಗಿ ಎನ್ನುತ್ತಾರೆ. ದೊಡ್ಡ ಊರುಗಳ ಅಪಾರ್ಟ್‌ಮೆಂಟುಗಳಲ್ಲಿ ಹುಟ್ಟಿದ ಈ ಜಗಳ ಮಡಿಕೇರಿ, ಕುಶಾಲನಗರ, ವಿರಾಜಪೇಟೆಯ ಗೇಟು ಹಾಕಿದ ಬಡಾವಣೆಗಳಿಗೆ ಬಂದು ಮುಟ್ಟಲು ಬಹಳ ಕಾಲ ಬೇಕಿಲ್ಲ. ಜಾಗ ಕಡಿಮೆ, ವಾಹನ ಹೆಚ್ಚು, ಹೊರಗಿನಿಂದ ಬಂದು ಹೋಗುವವರೂ ಹೆಚ್ಚು. ಆದರೆ ಜಗಳದ ತಿರುಳು ಹೊಸದಲ್ಲ. ನನ್ನ ನೆಲಕ್ಕೆ ಬಂದ ನಿನ್ನ ಸ್ವತ್ತನ್ನು ನಾನು ಹಿಡಿದಿಟ್ಟುಕೊಳ್ಳಬಹುದೇ, ಹಿಡಿದರೆ ಎಷ್ಟು ಹೊತ್ತು, ಬಿಡಲು ಎಷ್ಟು ಹಣ, ಹಿಡಿದದ್ದೇ ತಪ್ಪಾಗಿದ್ದರೆ ನಿನಗೆ ದಿಕ್ಕು ಯಾರು ಎಂಬ ಪ್ರಶ್ನೆಗಳು ಕೊಡಗಿನಲ್ಲಿ ಕಾರು ಬರುವುದಕ್ಕೆ ಮುಂಚೆಯೇ ಎದ್ದಿದ್ದವು. ಆಗ ಗದ್ದೆಗೋ ತೋಟಕ್ಕೋ ನುಗ್ಗುತ್ತಿದ್ದುದು ದನ, ಅದು ಹೋಗಿ ಸೇರುತ್ತಿದ್ದುದು ದೊಡ್ಡಿ. ದೊಡ್ಡಿಯ ಕಾಯ್ದೆ ದನದ ಒಡೆಯನಿಗೆ ಕೊಟ್ಟಿದ್ದ ರಕ್ಷಣೆಯನ್ನು ಇಂದಿನ ವಸತಿ ಸಂಘಗಳು ಕಾರಿನ ಒಡೆಯನಿಗೆ ಕೊಡುತ್ತಿಲ್ಲ. ಆ ರಕ್ಷಣೆಯಿಲ್ಲದೆ ಹಿಡಿಯುವ ಅಧಿಕಾರವನ್ನು ಯಾರ ಕೈಗೂ ಕೊಡಬಾರದು ಎಂಬುದು ಈ ಬರಹದ ವಾದ.

ಕೊಡಗಿನ ಹಳೆಯ ಬೇಸಾಯದಲ್ಲಿ ದನ ಎಲ್ಲಿ ಮೇಯಬೇಕೆಂಬುದು ಗೊತ್ತುಪಡಿಸಿದ ವಿಷಯವಾಗಿತ್ತು. ತಗ್ಗಿನಲ್ಲಿ ಭತ್ತದ ಗದ್ದೆ, ಅದರ ಮೇಲಿನ ಏರಿನಲ್ಲಿ ಬಾಣೆ. ಗದ್ದೆಯ ವರ್ಗದ (ಹಿಡುವಳಿಯ) ಜೊತೆಗೆ ಬಾಣೆಯೂ ಸೇರಿ ಬರುತ್ತಿತ್ತು, ಅದಕ್ಕೆ ಬೇರೆ ಕಂದಾಯವಿರಲಿಲ್ಲ. ದನ ಮೇಯಿಸುವುದಕ್ಕೆ, ಗದ್ದೆಗೆ ಸೊಪ್ಪು ತರುವುದಕ್ಕೆ, ಮನೆಯ ಸೌದೆಗೆ ಬಾಣೆ ಬೇಕಿತ್ತು. ಬಾಣೆಯಿಲ್ಲದ ಗದ್ದೆಗೆ ಗೊಬ್ಬರವಿಲ್ಲ, ಉಳುವ ಎತ್ತಿಗೆ ಮೇವಿಲ್ಲ. 1811ರಿಂದ 1820ರವರೆಗೆ ಆಳಿದ ಕೊಡಗಿನ ಅರಸ ಲಿಂಗರಾಜೇಂದ್ರನ ಕಾಲದ ಶಿಸ್ತು ಎಂಬ ಕಂದಾಯದ ಲೆಕ್ಕ ಈ ಭೂಮಿಗಳ ಹಕ್ಕನ್ನು ಬರಹಕ್ಕೆ ತಂದಿತು. 1834ರಲ್ಲಿ ರಾಜ್ಯವನ್ನು ವಶಪಡಿಸಿಕೊಂಡ ಬ್ರಿಟಿಷರೂ ಕಂದಾಯದ ವಿಷಯದಲ್ಲಿ ಅದನ್ನು ಆಧಾರವಾಗಿಟ್ಟುಕೊಂಡರು. ಮಳೆಗಾಲದಲ್ಲಿ ನಾಟಿ ನಡೆಯುವಾಗ, ಪೈರು ಎದ್ದು ಸುಗ್ಗಿಯ ಹಬ್ಬ ಪುತ್ತರಿಯವರೆಗೆ ಮಾಗುವಾಗ ದನವನ್ನು ಗದ್ದೆಯಿಂದ ದೂರವಿಡಬೇಕು. ಕೊಯ್ಲು ಮುಗಿದ ಮೇಲೆ ಅದೇ ಗದ್ದೆಯ ಕೂಳೆ ದನಕ್ಕೆ ಮೇವು. ಹೀಗೆ ಒಂದೇ ನೆಲ ವರ್ಷದ ಒಂದು ಪಾಲಿನಲ್ಲಿ ಮುಚ್ಚಿದ ನೆಲ, ಇನ್ನೊಂದು ಪಾಲಿನಲ್ಲಿ ತೆರೆದ ನೆಲ. ಯಾವಾಗ ಅತಿಕ್ರಮ, ಯಾವಾಗ ಅಲ್ಲ ಎಂಬುದನ್ನು ನಿರ್ಧರಿಸುತ್ತಿದ್ದುದು ಬೇಲಿಗಿಂತ ಹೆಚ್ಚಾಗಿ ಊರಿನವರೆಲ್ಲ ಒಪ್ಪಿದ ಕಾಲದ ಕಟ್ಟಳೆ.

ಕಟ್ಟಳೆ ಮುರಿದಾಗ ಕೇಳುವವರೂ ಇದ್ದರು. ಕೊಡಗನ್ನು ಹನ್ನೆರಡು ಕೊಂಬು, ಮೂವತ್ತೈದು ನಾಡು ಎಂದು ಎಣಿಸುವ ಪರಂಪರೆಯಲ್ಲಿ ಊರಿಗೊಬ್ಬ, ನಾಡಿಗೊಬ್ಬ ‘ತಕ್ಕ’ ಎಂಬ ಮುಖ್ಯಸ್ಥ ಇರುತ್ತಿದ್ದರು. ಊರು ಕೂಡುವ ಮೈದಾನವಾದ ಮಂದ್‌ನಲ್ಲಿ ಹಿರಿಯರು ಕೂತು ವ್ಯಾಜ್ಯ ಕೇಳುತ್ತಿದ್ದರು, ತಪ್ಪಿಗೆ ದಂಡ ಹಾಕುತ್ತಿದ್ದರು, ಮಾತು ಮೀರಿದವರನ್ನು ಸಮುದಾಯದಿಂದ ಹೊರಗಿಡುತ್ತಿದ್ದರು. ಎಂ.ಎನ್. ಶ್ರೀನಿವಾಸ್ ಅವರು 1952ರಲ್ಲಿ ಪ್ರಕಟಿಸಿದ ಕೊಡವರ ಧರ್ಮ ಮತ್ತು ಸಮಾಜದ ಅಧ್ಯಯನದಲ್ಲಿ ಈ ಹಿರಿಯರ ಅಧಿಕಾರದ ಚಿತ್ರಣವಿದೆ. ಈ ವ್ಯವಸ್ಥೆಯಲ್ಲಿ ಒಂದು ದೊಡ್ಡ ಗುಣವಿತ್ತು: ಗದ್ದೆ ಹಾಳಾದವನೂ ದನದ ಒಡೆಯನೂ ಇಬ್ಬರೂ ಮೂರನೆಯವರ ಮುಂದೆ ನಿಲ್ಲಬೇಕಿತ್ತು. ಒಂದು ದೊಡ್ಡ ಕೊರತೆಯೂ ಇತ್ತು. ಆ ಮೂರನೆಯವರು ಮಾತು ಕೇಳುತ್ತಿದ್ದುದು ತಮ್ಮೊಳಗಿನ ಒಕ್ಕಗಳ (ಮನೆತನಗಳ) ಮಾತನ್ನು. ಮನೆತನದ ಹೆಸರಿಲ್ಲದ ಕೂಲಿಯವನಿಗೆ, ಜೀತಕ್ಕಿದ್ದ ಯರವನಿಗೆ, ಘಟ್ಟ ಹತ್ತಿ ಬಂದ ವ್ಯಾಪಾರಿಗೆ ಆ ಕೂಟದಲ್ಲಿ ಒಕ್ಕದವರಿಗೆ ಸಮನಾದ ಸ್ಥಾನವಿರಲಿಲ್ಲ. ಎಲ್ಲರೂ ಎಲ್ಲರಿಗೂ ಗೊತ್ತಿರುವ ಊರಿನಲ್ಲಿ ಬಾಯಿಮಾತಿನ ನ್ಯಾಯ ನಡೆಯುತ್ತದೆ. ಹೊರಗಿನವರು ಬಂದು ನೆಲೆಸಿದ ಕೂಡಲೇ ಅದು ಕುಂಟಲು ಶುರುವಾಗುತ್ತದೆ.

ಹೊರಗಿನವರು ಬಂದದ್ದು ಕಾಫಿಯ ಹಿಂದೆ. 1854ರಲ್ಲಿ ಫೌಲರ್ ಎಂಬ ಯುರೋಪಿಯನ್ ಮಡಿಕೇರಿಯಲ್ಲಿ ತೋಟ ಎಬ್ಬಿಸಿದ. ಮರುವರ್ಷ ಸಂಪಾಜೆ ಘಟ್ಟದಲ್ಲಿ ಮಾನ್, 1856ರಲ್ಲಿ ಪೆರುಂಬಾಡಿ ಘಟ್ಟದಲ್ಲಿ ಡಾಕ್ಟರ್ ಮ್ಯಾಕ್ಸ್‌ವೆಲ್, 1857ರಲ್ಲಿ ಆನಂದಪುರದಲ್ಲಿ ಕೌಂಡಿನ್ಯ ತೋಟ ಮಾಡಿದರು. ಕೊಡಗಿನವರೂ ಹಿಂದೆ ಬೀಳಲಿಲ್ಲ, ಬಾಣೆಗಳಲ್ಲಿ ಕಾಫಿ ಗಿಡ ಎದ್ದಿತು. ಇದರ ಪರಿಣಾಮ ದನದ ಮೇಲಾಯಿತು. ಮೇಯುವ ನೆಲ ಕಡಿಮೆಯಾಯಿತು, ಮುಚ್ಚಿದ ನೆಲ ಹೆಚ್ಚಾಯಿತು. ಮಾತ್ರವಲ್ಲ, ಕಾಫಿ ತೋಟಕ್ಕೆ ಗದ್ದೆಯ ಹಾಗೆ ತೆರೆದ ಕಾಲವೆಂಬುದಿಲ್ಲ. ಅದು ವರ್ಷದ ಹನ್ನೆರಡು ತಿಂಗಳೂ ಮುಚ್ಚಿದ ನೆಲ. ಎಳೆಯ ಗಿಡ ತುಳಿದುಹೋದರೆ ವರ್ಷಗಳ ದುಡಿಮೆ ಹೋದಂತೆ. ತೋಟದ ಸಾಹೇಬನಿಗೆ ತಕ್ಕನ ಮಾತು ಕಟ್ಟಳೆಯಲ್ಲ, ಕೂಲಿಯವನಿಗೆ ಸಾಹೇಬನ ಬಂಗಲೆ ನ್ಯಾಯಸ್ಥಾನವಲ್ಲ. ಇಬ್ಬರೂ ಒಪ್ಪಬಹುದಾದ ಹೊಸ ಕಟ್ಟಳೆ ಬೇಕಾಗಿತ್ತು. ಬ್ರಿಟಿಷ್ ಇಂಡಿಯಾಕ್ಕೆ 1857ರಲ್ಲೇ ಒಂದು ಜಾನುವಾರು ಅತಿಕ್ರಮಣ ಕಾಯ್ದೆ ಬಂದಿತ್ತು. ಅದನ್ನು ತಿದ್ದಿ ವಿಸ್ತರಿಸಿದ್ದು 1871ರ ಒಂದನೆಯ ಕಾಯ್ದೆ. ಏಕೀಕರಣದ ನಂತರ, 1966ರಲ್ಲಿ ರಾಜ್ಯ ತನ್ನದೇ ಜಾನುವಾರು ಅತಿಕ್ರಮಣ ಕಾಯ್ದೆ ಮಾಡುವವರೆಗೆ ಆ ಹಳೆಯ ಕಾಯ್ದೆಯೇ ಕೊಡಗಿನ ದೊಡ್ಡಿಗಳ ಬುನಾದಿಯಾಗಿತ್ತು.

1871ರ ಕಾಯ್ದೆ ಹಿಡಿಯುವ ಅಧಿಕಾರವನ್ನು ನೆಲದ ಸಾಗುವಳಿದಾರನಿಗೆ ಕೊಟ್ಟಿತು, ಆದರೆ ಬಿಗಿಯಾಗಿ ಅಳೆದು ಕೊಟ್ಟಿತು. ದನ ನೆಲಕ್ಕೆ ಬಂದರೆ ಸಾಲದು, ಬಂದು ಹಾನಿ ಮಾಡುತ್ತಿರಬೇಕು. ಹಿಡಿದವನು ಅದನ್ನು ತನ್ನ ಕೊಟ್ಟಿಗೆಯಲ್ಲಿ ಕಟ್ಟಿಕೊಳ್ಳುವಂತಿಲ್ಲ, ಇಪ್ಪತ್ತನಾಲ್ಕು ಗಂಟೆಯೊಳಗೆ ಆ ಊರಿಗೆ ಗೊತ್ತುಪಡಿಸಿದ ದೊಡ್ಡಿಗೆ ಕಳಿಸಬೇಕು. ದೊಡ್ಡಿ ಎಲ್ಲಿರಬೇಕು, ಯಾವ ಊರಿಗೆ ಯಾವ ದೊಡ್ಡಿ ಎಂಬುದನ್ನು ಜಿಲ್ಲಾ ಮ್ಯಾಜಿಸ್ಟ್ರೇಟ್ ನಿರ್ಧರಿಸಬೇಕು. ದೊಡ್ಡಿಯ ಕಾವಲುಗಾರ ಸರ್ಕಾರಿ ನೌಕರನೆಂದೇ ಲೆಕ್ಕ. ಎಷ್ಟು ದನ, ಎಂಥ ದನ, ಯಾವ ದಿನ, ಯಾವ ಹೊತ್ತಿಗೆ ಬಂತು, ಹಿಡಿದವನ ಹೆಸರೇನು, ಒಡೆಯ ಯಾರೆಂದು ಗೊತ್ತಿದ್ದರೆ ಅವನ ಹೆಸರೇನು ಎಂಬುದನ್ನೆಲ್ಲ ಅವನು ಪುಸ್ತಕದಲ್ಲಿ ಬರೆದು ಹಿಡಿದವನಿಗೂ ನಕಲು ಕೊಡಬೇಕು. ಮೇವು ನೀರು ಹಾಕಿ ನೋಡಿಕೊಳ್ಳಬೇಕು. ದಂಡ ಎಷ್ಟೆಂದು ಕಾಯ್ದೆಯಲ್ಲೇ ಇತ್ತು: ಆನೆಗೆ 2 ರೂಪಾಯಿ, ಎಮ್ಮೆಗೆ 8 ಆಣೆ, ಎತ್ತು ಹಸುವಿಗೆ 4 ಆಣೆ, ಕರುವಿಗೆ 2 ಆಣೆ, ಕುರಿ ಆಡಿಗೆ 1 ಆಣೆ. ದಂಡದ ಪಟ್ಟಿಯನ್ನೂ ಮೇವು ನೀರಿನ ದರವನ್ನೂ ದೊಡ್ಡಿಯ ಬಳಿ ಎಲ್ಲರ ಕಣ್ಣಿಗೆ ಬೀಳುವಂತೆ ಹಾಕಿರಬೇಕಿತ್ತು. ಏಳು ದಿನವಾದರೂ ಯಾರೂ ಬಾರದಿದ್ದರೆ ಪೊಲೀಸ್ ಠಾಣೆಗೆ ತಿಳಿಸಬೇಕು, ಹಿಡಿದ ಜಾಗಕ್ಕೆ ಹತ್ತಿರದ ಊರಿನಲ್ಲಿ, ಸಂತೆಯಲ್ಲಿ ಡಂಗುರ ಹೊಡೆಸಬೇಕು, ಇನ್ನೂ ಏಳು ದಿನ ಕಾದು ಆಮೇಲೆ ಹರಾಜು. ಹರಾಜಿನಲ್ಲಿ ದೊಡ್ಡಿಯ ಕಾವಲುಗಾರನಾಗಲಿ ಅಧಿಕಾರಿಯಾಗಲಿ ದನ ಕೊಳ್ಳುವಂತಿರಲಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ದಂಡದ ಹಣ ಹಿಡಿದವನ ಜೇಬಿಗೆ ಹೋಗುತ್ತಿರಲಿಲ್ಲ. ಬೆಳೆ ಹಾಳಾಗಿದ್ದರೆ ಅವನು ಪರಿಹಾರಕ್ಕೆ ನ್ಯಾಯಾಲಯಕ್ಕೆ ಹೋಗಬೇಕಿತ್ತು.

ದನದ ಒಡೆಯ ಹಿಡಿದದ್ದೇ ಅನ್ಯಾಯವೆಂದು ವಾದಿಸಿದರೆ? ಈ ಪ್ರಶ್ನೆಗೆ ಕಾಯ್ದೆಯ 15ನೆಯ ಕಲಂ ಕೊಟ್ಟ ಉತ್ತರ ಇಂದಿಗೂ ಓದಿ ಕಲಿಯುವಂಥದು. ದಂಡ ಕಟ್ಟುವುದಿಲ್ಲ, ಹಿಡಿದದ್ದು ಅಕ್ರಮ, ನಾನು ದೂರು ಕೊಡುತ್ತೇನೆ ಎಂದು ಒಡೆಯ ಹೇಳಿದರೆ, ದಂಡ ಮತ್ತು ಖರ್ಚಿನ ಹಣವನ್ನು ಠೇವಣಿಯಾಗಿ ಇಟ್ಟ ಕೂಡಲೇ ದನವನ್ನು ಅವನಿಗೆ ಬಿಟ್ಟುಕೊಡಬೇಕು. ಹಣ ಇಟ್ಟನೆಂದ ಮಾತ್ರಕ್ಕೆ ತಪ್ಪು ಒಪ್ಪಿಕೊಂಡಂತಲ್ಲ. ವ್ಯಾಜ್ಯ ಮುಂದುವರಿಯುತ್ತದೆ, ಆದರೆ ವ್ಯಾಜ್ಯ ಮುಗಿಯುವವರೆಗೆ ಉಳುವ ಎತ್ತು ದೊಡ್ಡಿಯಲ್ಲಿ ಕೊಳೆಯಬೇಕಿಲ್ಲ. ಹಿಡಿದ ಹತ್ತು ದಿನದೊಳಗೆ ಮ್ಯಾಜಿಸ್ಟ್ರೇಟರ ಮುಂದೆ ದೂರು ಕೊಡಬಹುದು. ಬರೆಯಲು ಬಾರದವನು ಬಾಯಲ್ಲೇ ಹೇಳಬಹುದು, ಅದನ್ನು ಬರೆದುಕೊಳ್ಳುವುದು ಮ್ಯಾಜಿಸ್ಟ್ರೇಟರ ಕೆಲಸ. ಹಿಡಿದದ್ದು ಅಕ್ರಮವೆಂದು ಕಂಡುಬಂದರೆ ಕಟ್ಟಿದ ದಂಡವೂ ಖರ್ಚೂ ವಾಪಸ್, ಅದರ ಮೇಲೆ 100 ರೂಪಾಯಿಯವರೆಗೆ ಪರಿಹಾರ. ಎತ್ತಿಗೆ 4 ಆಣೆ ದಂಡವಿದ್ದ ಕಾಯ್ದೆಯಲ್ಲಿ ತಪ್ಪಾಗಿ ಹಿಡಿದವನಿಗೆ 100 ರೂಪಾಯಿಯವರೆಗೆ ಭಾರ ಬೀಳಬಹುದಿತ್ತು. ಕರ್ತವ್ಯ ತಪ್ಪಿದ ದೊಡ್ಡಿಯ ಕಾವಲುಗಾರನಿಗೂ 50 ರೂಪಾಯಿಯವರೆಗೆ ದಂಡವಿತ್ತು. ಹಿಡಿಯುವವನು ನಾಲ್ಕು ಸಲ ಯೋಚಿಸಿ ಕೈಹಾಕಲಿ ಎಂಬುದೇ ಈ ಲೆಕ್ಕದ ಅರ್ಥ.

ಇದು ತೋಟದ ಸಾಹೇಬರಿಗಾಗಿ ಆಳುವವರು ಮಾಡಿದ ಕಾಯ್ದೆ, ಇದನ್ನು ಹೊಗಳುವುದೇಕೆ ಎಂದು ಕೇಳುವವರಿದ್ದಾರೆ. ಆ ಮಾತಿನಲ್ಲಿ ಸತ್ಯವಿದೆ. ದನ ಹಿಡಿಯುವುದನ್ನು ಬಲದಿಂದ ತಡೆದವನಿಗೆ ಆರು ತಿಂಗಳ ಸೆರೆ ಅಥವಾ 500 ರೂಪಾಯಿ ದಂಡ, ಅಥವಾ ಎರಡೂ ಎಂದು ಕಾಯ್ದೆ ಹೇಳಿತ್ತು. ಹಿಡಿಯುವವನಿಗೆ ನೆರವಾಗುವುದು ಪೊಲೀಸರ ಕರ್ತವ್ಯವಾಗಿತ್ತು. ಮೇಯುವ ನೆಲವನ್ನು ತೋಟ ನುಂಗಿದ ಮೇಲೆ ದನ ತೋಟಕ್ಕೆ ನುಗ್ಗಿತೆಂದು ದಂಡ ಹಾಕುವುದರಲ್ಲಿರುವ ಅನ್ಯಾಯವನ್ನು ದೊಡ್ಡಿಯ ಯಾವ ದಾಖಲೆ ಪುಸ್ತಕವೂ ಸರಿಪಡಿಸುವುದಿಲ್ಲ. ದಿನದ ಕೂಲಿ ಕೆಲವೇ ಆಣೆಯಿದ್ದವನಿಗೆ 4 ಆಣೆಯೂ ಸಣ್ಣ ಹಣವಲ್ಲ, ಮ್ಯಾಜಿಸ್ಟ್ರೇಟರ ಕಚೇರಿ ಹತ್ತಿರದ ದಾರಿಯೂ ಅಲ್ಲ. ಇಷ್ಟನ್ನು ಒಪ್ಪಿದ ಮೇಲೂ ನನ್ನ ವಾದ ನಿಲ್ಲುತ್ತದೆ. ಆಳಿದವರ ಪರವಾಗಿಯೇ ಬರೆದ ಕಾಯ್ದೆ ಕೂಡ, ಹಿಡಿದವನ ಕೈಯಿಂದ ಸ್ವತ್ತನ್ನು ಬಿಡಿಸಿ ಮೂರನೆಯವನ ಕೈಗೆ ಕೊಡದೆ, ದರವನ್ನು ಬಹಿರಂಗಪಡಿಸದೆ, ದೂರಿಗೆ ದಾರಿ ಬಿಡದೆ ನಡೆಯಲಾಗದು ಎಂದು ಒಪ್ಪಿಕೊಂಡಿತ್ತು. ಪ್ರಜೆಗಳೇ ಆಳುವ ಕಾಲದಲ್ಲಿ, ನೆರೆಹೊರೆಯವರೇ ಕಟ್ಟಿಕೊಂಡ ಸಂಘ ಅಷ್ಟನ್ನೂ ಮಾಡದಿದ್ದರೆ ಅದಕ್ಕೆ ಏನೆನ್ನಬೇಕು?

ಈಗ ಕಾರಿನ ವಿಷಯಕ್ಕೆ ಬರೋಣ. ವಾಹನ ಎತ್ತಿಸುವ ಅಧಿಕಾರದ ಮೂಲ 1988ರ ಮೋಟಾರು ವಾಹನ ಕಾಯ್ದೆಯ 127ನೆಯ ಕಲಂ. ಸಾರ್ವಜನಿಕ ಸ್ಥಳದಲ್ಲಿ ಹತ್ತು ಗಂಟೆ ಅಥವಾ ಅದಕ್ಕೂ ಹೆಚ್ಚು ಕಾಲ ವಾರಸುದಾರರಿಲ್ಲದೆ ಬಿಟ್ಟ ವಾಹನವನ್ನು, ಇಲ್ಲವೇ ಕಾನೂನಿನ ಪ್ರಕಾರ ನಿಲುಗಡೆ ನಿಷೇಧಿಸಿದ ಕಡೆ ನಿಲ್ಲಿಸಿದ ವಾಹನವನ್ನು ಎಳೆದೊಯ್ಯಲು ಅಥವಾ ಅದರ ಚಕ್ರ ಕಟ್ಟಿಹಾಕಲು ಅಪ್ಪಣೆ ಕೊಡಬಹುದಾದವನು ಸಮವಸ್ತ್ರದಲ್ಲಿರುವ, ಆ ವ್ಯಾಪ್ತಿಯ ಪೊಲೀಸ್ ಅಧಿಕಾರಿ. ಸಂಘದ ಕಾರ್ಯದರ್ಶಿಗಾಗಲಿ ಗೇಟಿನ ಸೆಕ್ಯುರಿಟಿಗಾಗಲಿ ಆ ಕಲಂ ಯಾವ ಅಧಿಕಾರವನ್ನೂ ಕೊಟ್ಟಿಲ್ಲ. ಸಾರ್ವಜನಿಕರಿಗೆ ಪ್ರವೇಶದ ಹಕ್ಕಿರುವ ಜಾಗವೇ ಸಾರ್ವಜನಿಕ ಸ್ಥಳ ಎಂದು ಅದೇ ಕಾಯ್ದೆ ಹೇಳುತ್ತದೆ. ಗೇಟು ಹಾಕಿದ ವಸತಿ ಸಮುಚ್ಚಯದ ಅಂಗಳ ಸಾಮಾನ್ಯವಾಗಿ ಆ ಮಾತಿನೊಳಗೆ ಬರುವುದಿಲ್ಲ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆ ಪಾರ್ಕಿಂಗ್ ಜಾಗವನ್ನು ಎಲ್ಲ ಮಾಲೀಕರ ಸಾಮಾನ್ಯ ಪ್ರದೇಶದಲ್ಲಿ ಸೇರಿಸಿದೆ. ಬೈಲಾ ಮುರಿದವರ ಮೇಲೆ ಹಣದ ವಸೂಲಿಗೆ, ನಷ್ಟ ಪರಿಹಾರಕ್ಕೆ, ತಡೆಯಾಜ್ಞೆಗೆ ನ್ಯಾಯಾಲಯಕ್ಕೆ ಹೋಗಬಹುದು ಎನ್ನುತ್ತದೆ. ಕಟ್ಟಡ ಕಟ್ಟಿದವನು ತೆರೆದ ಜಾಗವನ್ನೂ ಕಂಬಗಳ ನಡುವಿನ ಜಾಗವನ್ನೂ ಪಾರ್ಕಿಂಗ್‌ಗೆಂದು ಪ್ರತ್ಯೇಕವಾಗಿ ಮಾರುವಂತಿಲ್ಲ ಎಂದು ಮುಂಬಯಿಯ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2010ರ ಆಗಸ್ಟ್‌ನಲ್ಲಿ ತೀರ್ಪು ಕೊಟ್ಟಿದೆ. ಹಾಗಿರುವಾಗ ಅಂಗಳದ ಒಂದು ಚೌಕ ನನ್ನದು, ಅಲ್ಲಿ ನಿಂತ ಕಾರು ಅಪರಾಧಿ ಎಂಬ ಮಾತೇ ಹಲವು ಕಡೆ ಗಟ್ಟಿ ನೆಲದ ಮೇಲೆ ನಿಂತಿಲ್ಲ. ದನಕ್ಕೆ ದೊಡ್ಡಿಯ ಕಾಯ್ದೆಯಿತ್ತು. ಖಾಸಗಿ ಅಂಗಳದ ಕಾರಿಗೆ ಅಂಥ ಕಾಯ್ದೆಯಿಲ್ಲ. ಕಾಯ್ದೆಯಿಲ್ಲವೆಂದರೆ ಸಂಘಕ್ಕೆ ಇಷ್ಟ ಬಂದಂತೆ ಮಾಡುವ ಸ್ವಾತಂತ್ರ್ಯವಿದೆ ಎಂದಲ್ಲ. ಹಿಡಿದಿಟ್ಟುಕೊಳ್ಳುವ ಅಧಿಕಾರವನ್ನು ಯಾರೂ ಕೊಟ್ಟಿಲ್ಲ ಎಂದರ್ಥ.

ಸಂಘದ ಪರವಾಗಿ ಹೇಳುವ ಬಲವಾದ ಮಾತು ಒಪ್ಪಿಗೆಯದು. ಮನೆ ಕೊಳ್ಳುವಾಗ ಬೈಲಾಕ್ಕೆ ಸಹಿ ಹಾಕಿದ್ದಾರೆ, ಗೇಟಿನಲ್ಲಿ ಬೋರ್ಡು ಹಾಕಿದೆ, ತಿಳಿದೂ ನಿಲ್ಲಿಸಿದವರು ದಂಡಕ್ಕೆ ಒಪ್ಪಿದಂತೆಯೇ ಎನ್ನುತ್ತಾರೆ. ಈ ವಾದವನ್ನು ಇಂಗ್ಲೆಂಡಿನ ನ್ಯಾಯಾಲಯಗಳು 1990ರ ದಶಕದಲ್ಲಿ ಪರೀಕ್ಷಿಸಿ ನೋಡಿದವು. ನುಗ್ಗಿದ ದನವನ್ನು ಹಿಡಿದಿಡುವ ಹಳೆಯ ಹಕ್ಕನ್ನೇ ಕಾರಿಗೂ ಅನ್ವಯಿಸಬೇಕೆಂದು ಚಕ್ರಕ್ಕೆ ಬೀಗ ಹಾಕಿದವರು ವಾದಿಸಿದಾಗ, ಸುಮ್ಮನೆ ನಿಂತ ಕಾರು ಆ ಹಕ್ಕಿಗೆ ಬೇಕಾದಂಥ ಹಾನಿ ಮಾಡಿಲ್ಲವೆಂದು ಅಪೀಲು ನ್ಯಾಯಾಲಯ ಅದನ್ನು ತಳ್ಳಿತು. ಬೋರ್ಡು ಓದಿ ನಿಲ್ಲಿಸಿದವರ ಒಪ್ಪಿಗೆಯನ್ನು ಮಾತ್ರ ಮಾನ್ಯ ಮಾಡಿತು, ಅದೂ ಷರತ್ತಿನ ಮೇಲೆ: ದರ ನ್ಯಾಯವಾಗಿರಬೇಕು, ಹಣ ಕಟ್ಟಿದ ಕೂಡಲೇ ಬಿಡಬೇಕು. ಷರತ್ತು ಕಾಗದದ ಮೇಲೆ ಉಳಿಯಿತು, ಬೀಗ ಹಾಕುವುದು ವ್ಯಾಪಾರವಾಯಿತು, ದೂರುಗಳು ಬೆಳೆದವು. ಕೊನೆಗೆ 2012ರಲ್ಲಿ ಪಾರ್ಲಿಮೆಂಟು ಇಂಗ್ಲೆಂಡ್ ಮತ್ತು ವೇಲ್ಸ್‌ನ ಖಾಸಗಿ ನೆಲದಲ್ಲಿ ಕಾನೂನಿನ ಅಧಿಕಾರವಿಲ್ಲದೆ ವಾಹನಕ್ಕೆ ಬೀಗ ಹಾಕುವುದನ್ನೂ ಎಳೆದೊಯ್ಯುವುದನ್ನೂ ಅಪರಾಧವೆಂದು ಸಾರಿತು. ನಮ್ಮ ಬೆಂಗಳೂರಿನಲ್ಲಿ ಪೊಲೀಸರ ಜೊತೆಗೇ ಖಾಸಗಿ ಗುತ್ತಿಗೆದಾರರ ಟೋಯಿಂಗ್ ವಾಹನಗಳು ಓಡಾಡುತ್ತಿದ್ದಾಗಲೂ ಜನರ ಸಿಟ್ಟು ಕಟ್ಟೆಯೊಡೆಯಿತು, 2022ರ ಆರಂಭದಲ್ಲಿ ಸರ್ಕಾರ ಟೋಯಿಂಗ್ ನಿಲ್ಲಿಸಬೇಕಾಯಿತು. ಸಮವಸ್ತ್ರದ ಅಧಿಕಾರಿಯಿದ್ದ ಕಡೆಯೇ ಇಷ್ಟಾದರೆ, ಯಾವ ಅಧಿಕಾರಿಯೂ ಇಲ್ಲದ ಅಂಗಳದಲ್ಲಿ ಒಪ್ಪಿಗೆಯೆಂಬ ಒಂದೇ ಮಾತನ್ನು ನಂಬಿ ಕೂರಲಾಗದು. ಬಾಡಿಗೆದಾರ, ನೆಂಟ, ಮನೆಗೆಲಸಕ್ಕೆ ಬಂದವರು, ಟ್ಯಾಕ್ಸಿಯವರು ಯಾವ ಬೈಲಾಕ್ಕೂ ಸಹಿ ಹಾಕಿದವರಲ್ಲ.

ಇನ್ನು ಕೆಲವರು ತುರ್ತಿನ ಮಾತೆತ್ತುತ್ತಾರೆ. ಬೆಂಕಿ ಬಿದ್ದಾಗ ಅಗ್ನಿಶಾಮಕ ವಾಹನ ಬರುವ ದಾರಿಗೆ ಅಡ್ಡವಾಗಿ ಕಾರು ನಿಂತಿದ್ದರೆ ದೂರು, ವಿಚಾರಣೆ ಎಂದು ಕಾಯಬೇಕೇ? ಬೇಡ. ಅಡ್ಡ ನಿಂತದ್ದನ್ನು ಪಕ್ಕಕ್ಕೆ ಸರಿಸುವುದು ಬೇರೆ, ಹಣ ಕೊಡುವವರೆಗೆ ಒತ್ತೆ ಇಟ್ಟುಕೊಳ್ಳುವುದು ಬೇರೆ. ಗದ್ದೆಯಿಂದ ದನ ಓಡಿಸಲು ರೈತನಿಗೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಕಟ್ಟಿಹಾಕಿ ದಂಡ ಕೇಳಲು ಮಾತ್ರ ಕಾಯ್ದೆ ಬೇಕಾಗಿತ್ತು. ಕಾರಿಗೆ ಜೀವವಿಲ್ಲ, ಹಸಿವಿಲ್ಲ, ಎರಡು ದಿನ ನಿಂತರೆ ಏನಾಯಿತು ಎನ್ನುವವರಿಗೂ ಉತ್ತರ ದೊಡ್ಡಿಯಲ್ಲೇ ಇದೆ. ಠೇವಣಿ ಇಟ್ಟ ಕೂಡಲೇ ಎತ್ತನ್ನು ಬಿಡಬೇಕೆಂದ ಕಾಯ್ದೆ ಕಾದದ್ದು ಎತ್ತಿನ ಹೊಟ್ಟೆಯನ್ನು ಮಾತ್ರವಲ್ಲ, ಒಡೆಯನ ಉಳುಮೆಯನ್ನೂ. ಇಂದು ಕುಶಾಲನಗರದಿಂದ ಮಡಿಕೇರಿಗೆ ಬಾಡಿಗೆ ಓಡಿಸುವವನಿಗೆ ಕಾರೇ ಎತ್ತು. ಹಾನಿಯ ಲೆಕ್ಕದಲ್ಲಂತೂ ಕಾರು ದನಕ್ಕಿಂತ ಸೌಮ್ಯ: ಅದು ಪೈರು ತಿನ್ನುವುದಿಲ್ಲ, ಗಿಡ ತುಳಿಯುವುದಿಲ್ಲ, ಜಾಗ ಹಿಡಿಯುತ್ತದೆ ಅಷ್ಟೆ. ಹಾನಿ ಕಡಿಮೆಯಾದಷ್ಟೂ ಹಿಡಿಯುವ ಹಕ್ಕೂ ಕುಗ್ಗಬೇಕಲ್ಲದೆ ಹಿಗ್ಗಬಾರದು. ನಮ್ಮದು ಸಣ್ಣ ಬಡಾವಣೆ, ಹಿರಿಯರು ಕೂತು ಬಗೆಹರಿಸುತ್ತೇವೆ, ಕಾಗದಪತ್ರವೇಕೆ ಎಂಬ ಮಾತೂ ಕೊಡಗಿನಲ್ಲಿ ಕೇಳಬಹುದು. ಕೂತು ಮಾತಾಡುವುದು ಒಳ್ಳೆಯದೇ, ಅದು ಮೊದಲಾಗಬೇಕು. ಆದರೆ 2018ರ ಆಗಸ್ಟ್‌ನ ಭೂಕುಸಿತದ ನಂತರ ಜಂಬೂರು, ಕರ್ಣಂಗೇರಿಯಂಥ ಕಡೆ ಎದ್ದ ಪುನರ್ವಸತಿ ಬಡಾವಣೆಗಳಿಗೆ ಬೇರೆ ಬೇರೆ ಊರಿನವರು ಬಂದು ಸೇರಿದ್ದಾರೆ. ಎಲ್ಲರೂ ಒಪ್ಪುವ ಒಬ್ಬ ತಕ್ಕ ಅಂಥ ಕಡೆ ತಾನಾಗಿ ಇರುವುದಿಲ್ಲ. ಹಿರಿಯರ ಮಾತಿಗೆ ಹೊರಗುಳಿದವರಿಗೆ ನ್ಯಾಯ ಸಿಗಲೆಂದೇ ಬರಹದ ಕಟ್ಟಳೆ ಹುಟ್ಟಿತ್ತು ಎಂಬುದನ್ನು ಮರೆಯಬಾರದು.

ಆದ್ದರಿಂದ ವಾಹನ ಎಳೆದೊಯ್ದದ್ದನ್ನು ಪ್ರಶ್ನಿಸುವವರು ಮೊದಲು ಕೇಳಬೇಕಾದದ್ದು ಯಾರ ಅಪ್ಪಣೆಯ ಮೇಲೆ, ಯಾವ ನಿಯಮದ ಕೆಳಗೆ, ಯಾವ ಹೊತ್ತಿಗೆ ಎಂಬುದನ್ನು, ಅದೂ ಬರಹದಲ್ಲಿ. ಕೆಲಸಕ್ಕೆ ವಾಹನ ಬೇಕೇ ಬೇಕಾಗಿದ್ದರೆ ಹಣ ಕಟ್ಟಲಿ, ಆದರೆ ಆಕ್ಷೇಪಣೆಯೊಂದಿಗೆ ಕಟ್ಟುತ್ತಿದ್ದೇನೆ ಎಂದು ರಸೀದಿಯ ಮೇಲೆ ಬರೆಸಲಿ. ವಾಹನ ಇದ್ದ ಜಾಗದ, ಬೋರ್ಡಿನ, ಆದ ಗೀರಿನ ಫೋಟೊ ತೆಗೆದಿಡಲಿ. ಸಂಘಕ್ಕೆ ಬೇಗ ದೂರು ಕೊಡಲಿ, ಅಲ್ಲಿ ಬಗೆಹರಿಯದಿದ್ದರೆ ಪೊಲೀಸರ ಬಳಿಗೂ ಸಿವಿಲ್ ನ್ಯಾಯಾಲಯಕ್ಕೂ ಹೋಗಲು ಹಿಂಜರಿಯದಿರಲಿ. ಸಂಘಗಳು ವಾಹನಕ್ಕೆ ಕೈಹಾಕುವ ಬದಲು ಫೋನ್ ಮಾಡಲಿ, ನೋಟಿಸ್ ಅಂಟಿಸಲಿ, ಕಾಯ್ದೆ ತೋರಿಸಿದ ದಾರಿಯಲ್ಲಿ ವಸೂಲಿಗೆ ಹೋಗಲಿ. ದರವನ್ನು ಗೇಟಿನಲ್ಲಿ ಹಾಕಲಿ, ದಂಡ ಹಾಕಿದ ಸಮಿತಿಯೇ ದೂರನ್ನೂ ಕೇಳದಿರಲಿ, ಅದಕ್ಕೆ ಬೇರೆ ಮೂವರನ್ನು ನೇಮಿಸಲಿ. ಶಾಸನಸಭೆ ಖಾಸಗಿ ಅಂಗಳದ ಟೋಯಿಂಗ್ ಬಗ್ಗೆ ಎಂದಾದರೂ ಕಾಯ್ದೆ ಮಾಡುವುದಾದರೆ, ದಾಖಲೆ ಪುಸ್ತಕ, ಬಹಿರಂಗ ದರ, ಠೇವಣಿಯ ಮೇಲೆ ಬಿಡುಗಡೆ, ಹತ್ತು ದಿನದೊಳಗೆ ದೂರು, ತಪ್ಪಾಗಿ ಹಿಡಿದವನಿಂದ ಪರಿಹಾರ, ಇಷ್ಟಿಲ್ಲದೆ ಮಾಡಬಾರದು. ಕೊಡಗಿನ ಸಾಗುವಳಿದಾರನ ಎತ್ತಿಗೆ 1871ರಲ್ಲಿ ಸಿಕ್ಕಿದ ಈ ರಕ್ಷಣೆ ಇಂದು ಬಡಾವಣೆಯ ಅಂಗಳದಲ್ಲಿ ಕಾರು ನಿಲ್ಲಿಸಿದ ಪ್ರತಿಯೊಬ್ಬರಿಗೂ ಸಿಗಬೇಕು.